ರಾಜಾ ರಾಮಣ್ಣ

ರಾಜಾ ರಾಮಣ್ಣ (28 ಜನವರಿ 1925 – 24 ಸೆಪ್ಟೆಂಬರ್ 2004) ಕರ್ನಾಟಕದ ತಿಪಟೂರಿನಲ್ಲಿ ಜನಿಸಿದ ಭಾರತೀಯ ಪರಮಾಣು ಭೌತವಿಜ್ಞಾನಿ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿಯೂ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ನಡೆದ ಭಾರತದ ಮೊದಲ ಪರಮಾಣು ಸ್ಫೋಟದ ಹೊಣೆ ಹೊತ್ತವರೆಂದು ಅವರ ಹೆಸರು ಜನಜನಿತವಾಗಿದೆ. ಆದರೆ ಅವರ ವೈಜ್ಞಾನಿಕ ಜೀವನದ ಹೆಚ್ಚಿನ ಭಾಗ ಕಳೆದದ್ದು ಪ್ರಯೋಗಾಲಯದಲ್ಲಿ, ಕಣ್ಣಿಗೆ ಕಾಣದ ಕಣಗಳನ್ನು ಎಣಿಸುವ ಮತ್ತು ಅವುಗಳ ಶಕ್ತಿಯನ್ನು ಅಳೆಯುವ ಕೆಲಸದಲ್ಲಿ. ಯುರೇನಿಯಂ ವಿದಳನದ ಕುರಿತು 1950 ಮತ್ತು 1960ರ ದಶಕಗಳಲ್ಲಿ ಅವರು ತಮ್ಮ ತಂಡದೊಂದಿಗೆ ನಡೆಸಿದ ಮಾಪನಗಳು ಅವರ ಮುಂದಿನ ಎಲ್ಲ ಕೆಲಸಗಳಿಗೂ ತಳಹದಿಯಾದವು.

ಜನನ ಮತ್ತು ವಿದ್ಯಾಭ್ಯಾಸ

ರಾಮಣ್ಣನವರು ಹುಟ್ಟಿದಾಗ ತಿಪಟೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ತಂದೆ ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು. ತಾಯಿ ರುಕ್ಮಿಣಿಯಮ್ಮ. ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿದ ಬಳಿಕ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿ, ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದರು. ಚಿಕ್ಕಂದಿನಿಂದಲೇ ಪಿಯಾನೋ ಕಲಿತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರು. ಹೋಮಿ ಜಹಾಂಗೀರ್ ಭಾಭಾ ಅವರ ಪರಿಚಯವಾದದ್ದೂ 1944ರ ಸುಮಾರಿಗೆ ಸಂಗೀತ ಪರೀಕ್ಷಕರೊಬ್ಬರ ಮೂಲಕವೇ. ಆಗ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದ್ದರು. ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು.

ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ತೆರಳಿ, 1940ರ ದಶಕದ ಕೊನೆಯ ವರ್ಷಗಳಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಲಂಡನ್ನಿನ ಸಂಗೀತ ಕಚೇರಿಗಳಿಗೂ ಆಪೆರಾಗಳಿಗೂ ತಪ್ಪದೆ ಹೋಗುತ್ತಿದ್ದರು.

ಅವರು ಸಂಶೋಧನೆಗೆ ಕಾಲಿಟ್ಟ ವರ್ಷಗಳು ಮಾಪನವಿಜ್ಞಾನದ ದೃಷ್ಟಿಯಿಂದ ಗಮನಾರ್ಹವಾಗಿವೆ. ಶತಮಾನದ ಆರಂಭದಲ್ಲಿ ರುದರ್‌ಫರ್ಡ್ ಅವರ ಮ್ಯಾಂಚೆಸ್ಟರ್ ಪ್ರಯೋಗಾಲಯದಲ್ಲಿ, ಸತು ಸಲ್ಫೈಡ್ ಲೇಪಿಸಿದ ಪರದೆಗೆ ಆಲ್ಫಾ ಕಣ ಬಡಿದಾಗ ಹೊಮ್ಮುವ ಮಿನುಗನ್ನು ಕತ್ತಲೆಯ ಕೋಣೆಯಲ್ಲಿ ಕುಳಿತು ಕಣ್ಣಿನಿಂದಲೇ ಎಣಿಸುತ್ತಿದ್ದರು. ಕಣ್ಣು ಬೇಗ ದಣಿಯುವುದರಿಂದ ಆ ವಿಧಾನ ಕ್ರಮೇಣ ಬಳಕೆ ತಪ್ಪಿತು. 1944ರಿಂದ 1948ರ ನಡುವೆ ಅದು ಹೊಸ ರೂಪದಲ್ಲಿ ಮರಳಿತು. ಮನುಷ್ಯನ ಕಣ್ಣಿನ ಜಾಗದಲ್ಲಿ ಫೋಟೋಮಲ್ಟಿಪ್ಲೈಯರ್ ಎಂಬ ನಿರ್ವಾತ ನಳಿಕೆ ಬಂತು. ಕಲ್‌ಮನ್ ನ್ಯಾಫ್ತಲೀನ್ ಹರಳನ್ನೂ ಹಾಫ್‌ಸ್ಟಾಡ್ಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳನ್ನೂ ಬಳಕೆಗೆ ತಂದರು. ಸಿಂಟಿಲೇಷನ್ ಶೋಧಕ ಎಂದು ಹೆಸರಾದ ಈ ಉಪಕರಣ ಮುಂದಿನ ಎರಡು ದಶಕಗಳ ಪರಮಾಣು ಭೌತಶಾಸ್ತ್ರದ ಮುಖ್ಯ ಸಾಧನವಾಯಿತು. ಅದರೊಡನೆ ಬೆಳೆದ ತಲೆಮಾರಿಗೆ ರಾಮಣ್ಣ ಸೇರಿದವರು.

ಮುಂಬಯಿ ಮತ್ತು ಟ್ರಾಂಬೆ

1949ರಲ್ಲಿ ರಾಮಣ್ಣ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಪ್ರಯೋಗಕ್ಕೆ ಬೇಕಾದ ಉಪಕರಣಗಳು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ವಿದೇಶದಿಂದ ತರಿಸುವಷ್ಟು ವಿದೇಶಿ ವಿನಿಮಯವೂ ಸುಲಭವಾಗಿ ದೊರೆಯುತ್ತಿರಲಿಲ್ಲ. ಎಣಿಕೆಯ ಮಂಡಲಗಳು, ವಿದ್ಯುತ್ ಪೂರೈಕೆ, ವರ್ಧಕ ಮೊದಲಾದವನ್ನು ವಿಜ್ಞಾನಿಗಳೂ ತಂತ್ರಜ್ಞರೂ ಕೂಡಿ ಸಂಸ್ಥೆಯಲ್ಲೇ ತಯಾರಿಸಿಕೊಳ್ಳುತ್ತಿದ್ದರು. ಟ್ರಾಂಬೆಯಲ್ಲಿ ಹೀಗೆ ಬೆಳೆದ ಎಲೆಕ್ಟ್ರಾನಿಕ್ಸ್ ವಿಭಾಗವೇ ಮುಂದೆ, 1967ರಲ್ಲಿ, ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸ್ಥಾಪನೆಗೆ ಕಾರಣವಾಯಿತು.

1950ರ ದಶಕದ ಆರಂಭದಲ್ಲಿ ಸಂಸ್ಥೆಗೆ 10 ಲಕ್ಷ ವೋಲ್ಟಿನ ಕ್ಯಾಸ್ಕೇಡ್ ಜನರೇಟರ್ ಎಂಬ ವೇಗವರ್ಧಕ ಬಂದಿತು. ಇದರ ಕಣಪುಂಜವನ್ನು ತಕ್ಕ ಗುರಿಯ ಮೇಲೆ ಹಾಯಿಸಿ ನ್ಯೂಟ್ರಾನ್‌ಗಳನ್ನು ಪಡೆಯಬಹುದಿತ್ತು. ರಾಮಣ್ಣ ಮತ್ತು ಪಿ. ಕೆ. ಅಯ್ಯಂಗಾರ್ ಮೊದಲಾದ ಕಿರಿಯ ಸಹೋದ್ಯೋಗಿಗಳು ನ್ಯೂಟ್ರಾನ್‌ಗಳನ್ನು ಕ್ಷಣಮಾತ್ರದ ತುಣುಕುಗಳಾಗಿ ನೀರಿಗೆ, ಬೆರಿಲಿಯಂ ಆಕ್ಸೈಡಿಗೆ ಹಾಯಿಸಿ, ಅವು ನಿಧಾನವಾಗುತ್ತ ಕರಗುವ ಬಗೆಯನ್ನು ಅಳೆದರು. ಸಾಮಾನ್ಯ ನೀರಿನಲ್ಲಿ ನಿಧಾನಗೊಂಡ ನ್ಯೂಟ್ರಾನ್ ಸೆಕೆಂಡಿನ ಸುಮಾರು ಐದು ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ ಉಳಿಯುತ್ತದೆ. ಪಾತ್ರೆಯ ಗಾತ್ರ ಬದಲಿಸುತ್ತ ಈ ಅವಧಿಯನ್ನು ಅಳೆದರೆ, ನ್ಯೂಟ್ರಾನ್ ಆ ವಸ್ತುವಿನಲ್ಲಿ ಎಷ್ಟು ದೂರ ಹರಡುತ್ತದೆ ಎಂಬ ಲೆಕ್ಕ ಸಿಗುತ್ತದೆ. ಪರಮಾಣು ಸ್ಥಾವರವನ್ನು ವಿನ್ಯಾಸಗೊಳಿಸುವವರಿಗೆ ಈ ಅಂಕಿಗಳು ಅತ್ಯಗತ್ಯ.

1954ರಲ್ಲಿ ಟ್ರಾಂಬೆಯಲ್ಲಿ ಪರಮಾಣು ಶಕ್ತಿ ಸಂಸ್ಥೆ ಆರಂಭವಾದಾಗ ರಾಮಣ್ಣನವರ ಕಾರ್ಯಕ್ಷೇತ್ರವೂ ಅಲ್ಲಿಗೆ ವಿಸ್ತರಿಸಿತು. 1956ರ ಆಗಸ್ಟ್ 4ರಂದು ಅಲ್ಲಿನ ಈಜುಕೊಳ ಮಾದರಿಯ ಸ್ಥಾವರದಲ್ಲಿ ಸರಣಿ ಕ್ರಿಯೆ ತಾನೇ ತಾನಾಗಿ ಮುಂದುವರಿಯತೊಡಗಿತು. ಇಂಧನ ಬ್ರಿಟನ್ನಿನಿಂದ ಬಂದಿದ್ದರೂ ಸ್ಥಾವರವನ್ನು ವಿನ್ಯಾಸಗೊಳಿಸಿ ಕಟ್ಟಿದವರು ಭಾರತೀಯರು. ಆ ತಂಡದಲ್ಲಿ ರಾಮಣ್ಣ ಪ್ರಮುಖರಾಗಿದ್ದರು. ಕೊಳದ ನೀರಿನಲ್ಲಿ ಕಾಣುವ ನೀಲಿ ಬೆಳಕಿನ ಚೆಲುವನ್ನು ಕಂಡು ಪ್ರಧಾನಿ ಜವಾಹರಲಾಲ್ ನೆಹರೂ ಅದಕ್ಕೆ ಅಪ್ಸರಾ ಎಂದು ಹೆಸರಿಟ್ಟರು.

ವಿದಳನದ ಮಾಪನಗಳು

ಅಪ್ಸರಾ ಸಿದ್ಧವಾದ ಮೇಲೆ ಟ್ರಾಂಬೆಯ ಭೌತವಿಜ್ಞಾನಿಗಳಿಗೆ ನಿಧಾನಗತಿಯ ನ್ಯೂಟ್ರಾನ್‌ಗಳು ಹೇರಳವಾಗಿ ದೊರೆಯತೊಡಗಿದವು. ರಾಮಣ್ಣ ಆಯ್ದುಕೊಂಡ ವಿಷಯ ಯುರೇನಿಯಂ-235ರ ವಿದಳನ. ಒಂದು ನ್ಯೂಟ್ರಾನನ್ನು ನುಂಗಿದ ಈ ಬೀಜ ಎರಡು ಹೋಳಾಗುತ್ತದೆ. ಒಟ್ಟು ಸುಮಾರು 200 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ, ಸರಾಸರಿ 2.4 ನ್ಯೂಟ್ರಾನ್‌ಗಳೂ ಹಲವು ಗಾಮಾ ಕಿರಣಗಳೂ ಹೊರಬೀಳುತ್ತವೆ. ಇಷ್ಟು ಆಗಲೇ ಗೊತ್ತಿತ್ತು. ಆ ನ್ಯೂಟ್ರಾನ್‌ಗಳು ನಿಖರವಾಗಿ ಯಾವ ಕ್ಷಣದಲ್ಲಿ ಹೊರಬರುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೋಳುಗಳು ಪೂರ್ಣ ವೇಗ ಪಡೆದು ಓಡುತ್ತಿರುವಾಗ ಅವುಗಳಿಂದ ನ್ಯೂಟ್ರಾನ್ ಹೊರಬಿದ್ದರೆ, ಓಡುವ ಬಂಡಿಯಿಂದ ಎಸೆದ ಕಲ್ಲಿನಂತೆ ಅದು ಹೋಳಿನ ದಿಕ್ಕಿನಲ್ಲೇ ಹೆಚ್ಚಾಗಿ ಸಾಗಬೇಕು. ಬೀಜ ಹರಿಯುವ ಕ್ಷಣದಲ್ಲೇ ಹೊರಬಿದ್ದರೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಬೇಕು. ಆದ್ದರಿಂದ ಹೋಳಿನ ದಿಕ್ಕಿಗೆ ಹೋಲಿಸಿ ನ್ಯೂಟ್ರಾನ್‌ನ ದಿಕ್ಕನ್ನೂ ಶಕ್ತಿಯನ್ನೂ ಒಟ್ಟಿಗೆ ಅಳೆಯಬೇಕಿತ್ತು.

1963ರಲ್ಲಿ ಎಸ್. ಎಸ್. ಕಪೂರ್ ಮತ್ತು ಪಿ. ಎನ್. ರಾಮರಾವ್ ಅವರೊಂದಿಗೆ ರಾಮಣ್ಣ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಯನ್ನೇ ಕುರಿತದ್ದು. ಹೆಚ್ಚಿನ ನ್ಯೂಟ್ರಾನ್‌ಗಳು ಓಡುವ ಹೋಳುಗಳಿಂದಲೇ ಬರುತ್ತವೆ ಎಂಬುದು ಆ ಕಾಲದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಸುಮಾರು ಹತ್ತರಲ್ಲೊಂದು ಭಾಗ ಮಾತ್ರ ಹೀಗೆ ವಿವರಣೆಗೆ ಸಿಗದೆ ಉಳಿಯಿತು. ಅವು ಬೀಜ ಹರಿಯುವ ಕ್ಷಣದಲ್ಲಿ ಹೊರಟವು ಎಂದು ಭಾವಿಸಲಾಯಿತು. ಈ ಸಣ್ಣ ಭಾಗದ ಪ್ರಮಾಣ ಎಷ್ಟು ಎಂಬ ಚರ್ಚೆ ಮುಂದೆಯೂ ಬಹುಕಾಲ ನಡೆಯಿತು.

ಹತ್ತರಲ್ಲೊಂದು ಭಾಗದ ಬಗ್ಗೆ ತೀರ್ಮಾನ ಹೇಳಬೇಕಾದರೆ ಶೋಧಕದ ತಪ್ಪು ಅದಕ್ಕಿಂತ ಬಹಳ ಕಡಿಮೆ ಇರಬೇಕು. ಇಂಥ ಪ್ರಯೋಗಗಳ ಅರ್ಧಕ್ಕೂ ಹೆಚ್ಚು ಶ್ರಮ ವ್ಯಯವಾಗುವುದು ಕ್ಯಾಲಿಬ್ರೇಷನ್‌ಗೆ, ಅಂದರೆ ಗೊತ್ತಿರುವ ಅಳತೆಯೊಂದಿಗೆ ಹೋಲಿಸಿ ಉಪಕರಣವನ್ನು ಸರಿಪಡಿಸಿಕೊಳ್ಳುವುದಕ್ಕೆ.

ಸಿಂಟಿಲೇಷನ್ ಶೋಧಕ ಮತ್ತು ಪ್ರೋಟಾನ್

ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ, ಆದ್ದರಿಂದ ಅದು ನೇರವಾಗಿ ಬೆಳಕನ್ನು ಹೊಮ್ಮಿಸಲಾರದು. ಪ್ಲಾಸ್ಟಿಕ್ ಇಲ್ಲವೆ ಸ್ಟಿಲ್ಬೀನ್‌ನಂಥ ಸಾವಯವ ಸಿಂಟಿಲೇಟರ್‌ನಲ್ಲಿ ಜಲಜನಕ ಹೇರಳವಾಗಿರುತ್ತದೆ. ಒಳಹೊಕ್ಕ ನ್ಯೂಟ್ರಾನ್ ಜಲಜನಕದ ಬೀಜಕ್ಕೆ, ಎಂದರೆ ಪ್ರೋಟಾನ್‌ಗೆ, ಡಿಕ್ಕಿ ಹೊಡೆದು ಅದನ್ನು ಮುಂದೂಡುತ್ತದೆ. ಹೀಗೆ ಚಿಮ್ಮಿದ ಪ್ರೋಟಾನ್ ತನ್ನ ದಾರಿಯಲ್ಲಿ ಮಿನುಗನ್ನು ಉಂಟುಮಾಡುತ್ತದೆ. ಫೋಟೋಮಲ್ಟಿಪ್ಲೈಯರ್ ಆ ಮಿನುಗನ್ನು ಹತ್ತು ಲಕ್ಷ ಪಟ್ಟು ಅಥವಾ ಇನ್ನೂ ಹೆಚ್ಚು ವರ್ಧಿಸಿ ವಿದ್ಯುತ್ ಮಿಡಿತವಾಗಿ ಮಾರ್ಪಡಿಸುತ್ತದೆ. ಹಾಗಾಗಿ ಇಂಥ ಶೋಧಕದಲ್ಲಿ ನ್ಯೂಟ್ರಾನನ್ನು ಅಳೆಯುವುದೆಂದರೆ ವಾಸ್ತವದಲ್ಲಿ ಪ್ರೋಟಾನನ್ನು ಅಳೆಯುವುದೇ ಆಗಿದೆ. ವೇಗವರ್ಧಕದಿಂದ ಬರುವ ಪ್ರೋಟಾನ್ ಪುಂಜವನ್ನು ಅಳೆಯುವವರಿಗೂ ವಿದಳನದ ನ್ಯೂಟ್ರಾನನ್ನು ಅಳೆಯುವವರಿಗೂ ಎದುರಾಗುವ ತೊಡಕು ಇದರಿಂದ ಒಂದೇ ಬಗೆಯದು.

ಮೊದಲನೆಯ ತೊಡಕು ಬೆಳಕಿನ ಪ್ರಮಾಣದ್ದು. 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಪ್ಲಾಸ್ಟಿಕ್‌ನಲ್ಲಿ ಸುಮಾರು 4 ಮಿಲಿಮೀಟರ್ ದೂರ ಸಾಗಿ ತನ್ನ ಶಕ್ತಿಯನ್ನು ತೆಳುವಾಗಿ ಹಂಚುತ್ತದೆ. ಅಷ್ಟೇ ಶಕ್ತಿಯ ಪ್ರೋಟಾನ್ ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟು ದೂರದಲ್ಲೇ ನಿಂತುಬಿಡುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ಶಕ್ತಿ ಒತ್ತೊತ್ತಾಗಿ ಸುರಿದಾಗ ಅದರ ಬಹುಪಾಲು ಬೆಳಕಾಗದೆ ಶಾಖವಾಗಿ ನಷ್ಟವಾಗುತ್ತದೆ. ಆದ್ದರಿಂದ ಪ್ರೋಟಾನ್ ಕೊಡುವ ಮಿನುಗು ಎಲೆಕ್ಟ್ರಾನ್‌ನ ಮಿನುಗಿನ ಐದಾರರಲ್ಲಿ ಒಂದು ಭಾಗದಷ್ಟೇ. ಪ್ರೋಟಾನ್‌ನ ಶಕ್ತಿ ಹೆಚ್ಚಿದಂತೆ ಈ ಅಂತರ ತಗ್ಗುತ್ತದೆ. ಹೀಗಾಗಿ ಶಕ್ತಿ ಇಮ್ಮಡಿಯಾದರೆ ಬೆಳಕು ಇಮ್ಮಡಿಗಿಂತ ಹೆಚ್ಚಾಗುತ್ತದೆ. ಈ ನಂಟನ್ನು 1951ರಲ್ಲಿ ಜೆ. ಬಿ. ಬರ್ಕ್ಸ್ ಒಂದು ಸೂತ್ರದಲ್ಲಿ ನಿರೂಪಿಸಿದರು. ಸೂತ್ರದಲ್ಲಿರುವ ಸ್ಥಿರಾಂಕ ಮಾತ್ರ ಪದಾರ್ಥದಿಂದ ಪದಾರ್ಥಕ್ಕೆ ಬೇರೆಯಾಗುವುದರಿಂದ ಪ್ರತಿಯೊಂದು ಸಿಂಟಿಲೇಟರನ್ನೂ ಪ್ರಯೋಗದಿಂದಲೇ ಪರೀಕ್ಷಿಸಬೇಕಾಗುತ್ತದೆ.

ಪರೀಕ್ಷೆ ಆರಂಭವಾಗುವುದು ಗಾಮಾ ಕಿರಣಗಳಿಂದ. ಸೀಸಿಯಂ-137 ಸೂಸುವ ಗಾಮಾ ಕಿರಣದ ಶಕ್ತಿ 662 ಸಾವಿರ ಎಲೆಕ್ಟ್ರಾನ್ ವೋಲ್ಟ್. ಅದು ಸಾವಯವ ಸಿಂಟಿಲೇಟರ್‌ನಲ್ಲಿ ಎಲೆಕ್ಟ್ರಾನ್‌ಗೆ ಕೊಡಬಲ್ಲ ಗರಿಷ್ಠ ಶಕ್ತಿ 477 ಸಾವಿರ. ಮಿಡಿತಗಳ ನಕ್ಷೆಯಲ್ಲಿ ಈ ಎತ್ತರಕ್ಕೆ ಒಂದು ಅಂಚು ಕಾಣಿಸಿಕೊಳ್ಳುತ್ತದೆ. ಕೋಬಾಲ್ಟ್-60, ಸೋಡಿಯಂ-22 ಮೊದಲಾದ ಆಕರಗಳಿಂದ ಇನ್ನಷ್ಟು ಅಂಚುಗಳು ದೊರೆತರೆ ಎಲೆಕ್ಟ್ರಾನ್‌ನ ಮಟ್ಟಿಗೆ ಅಳತೆಗೋಲು ಸಿದ್ಧವಾಯಿತೆಂದು ಅರ್ಥ. ಆದರೆ ಇದೇ ಗೋಲನ್ನು ಪ್ರೋಟಾನ್‌ಗೆ ಅನ್ವಯಿಸಿದರೆ, 10 ಲಕ್ಷದ ಪ್ರೋಟಾನ್ 2 ಲಕ್ಷದ್ದೆಂದು ಕಾಣುತ್ತದೆ. ಆದ್ದರಿಂದ ಎರಡನೆಯ ಹಂತದಲ್ಲಿ ಶಕ್ತಿ ಖಚಿತವಾಗಿ ಗೊತ್ತಿರುವ ಪ್ರೋಟಾನ್ ಅಥವಾ ನ್ಯೂಟ್ರಾನ್‌ಗಳೇ ಬೇಕು. ಅದಕ್ಕೆ ವೇಗವರ್ಧಕ ಅನಿವಾರ್ಯ.

1960ರ ದಶಕದ ಮೊದಲ ವರ್ಷಗಳಲ್ಲಿ ಟ್ರಾಂಬೆಗೆ 55 ಲಕ್ಷ ವೋಲ್ಟಿನ ವ್ಯಾನ್ ಡಿ ಗ್ರಾಫ್ ಯಂತ್ರ ಬಂದದ್ದರಿಂದ ಪ್ರೋಟಾನ್ ಪುಂಜಗಳ ಅಧ್ಯಯನಕ್ಕೆ ದಾರಿ ತೆರೆಯಿತು. ಇಂಥ ಯಂತ್ರದ ಮಾಪಕ ತೋರಿಸುವ ವೋಲ್ಟೇಜನ್ನೂ ಭೌತವಿಜ್ಞಾನಿಗಳು ಹಾಗೆಯೇ ನಂಬುವುದಿಲ್ಲ. ಪ್ರೋಟಾನ್‌ಗಳನ್ನು ಲಿಥಿಯಂ-7ರ ಮೇಲೆ ಹಾಯಿಸಿದಾಗ ಶಕ್ತಿ 18.81 ಲಕ್ಷ ಎಲೆಕ್ಟ್ರಾನ್ ವೋಲ್ಟ್ ದಾಟುವ ತನಕ ಒಂದು ನ್ಯೂಟ್ರಾನೂ ಬರುವುದಿಲ್ಲ, ದಾಟಿದೊಡನೆ ಬರತೊಡಗುತ್ತದೆ. ಅಲ್ಯೂಮಿನಿಯಂ ಗುರಿಯಾಗಿದ್ದರೆ 9.92 ಲಕ್ಷದ ಬಳಿ ಗಾಮಾ ಕಿರಣಗಳ ಸಂಖ್ಯೆ ಥಟ್ಟನೆ ಏರುತ್ತದೆ. ಪ್ರಕೃತಿಯೇ ನೆಟ್ಟಿರುವ ಈ ಮೈಲಿಗಲ್ಲುಗಳಿಗೆ ಯಂತ್ರವನ್ನು ಸರಿಹೊಂದಿಸಿ, ಆ ಯಂತ್ರದ ಪುಂಜದಿಂದ ಶೋಧಕವನ್ನು ಸರಿಹೊಂದಿಸುವುದು ರೂಢಿ. ಪುಂಜದಲ್ಲಿರುವ ಪ್ರೋಟಾನ್‌ಗಳ ಸಂಖ್ಯೆಯನ್ನು ಫ್ಯಾರಡೆ ಬಟ್ಟಲು ಹೇಳುತ್ತದೆ. ಬಟ್ಟಲಿನಲ್ಲಿ ಶೇಖರವಾದ ಆವೇಶವನ್ನು ಒಂದು ಪ್ರೋಟಾನ್‌ನ ಆವೇಶದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಒಂದು ನ್ಯಾನೋಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 624 ಕೋಟಿ ಪ್ರೋಟಾನ್. ಇಷ್ಟು ಪ್ರೋಟಾನ್‌ಗಳನ್ನು ಸಿಂಟಿಲೇಟರ್ ಒಂದೊಂದಾಗಿ ಎಣಿಸಲಾರದು. ಮಿಡಿತಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಆದಕಾರಣ ಪುಂಜವನ್ನು ಬಹಳ ತೆಳುವಾಗಿಸಿ ಎಣಿಸಿ, ಆ ಎಣಿಕೆಯನ್ನು ಬಟ್ಟಲಿನ ಅಳತೆಗೆ ಹೊಂದಿಸಬೇಕು.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಫೋಟೋಮಲ್ಟಿಪ್ಲೈಯರ್‌ಗೆ ಕೊಡುವ ವೋಲ್ಟೇಜಿನಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೆ ಮಿಡಿತದ ಎತ್ತರ ನೂರಕ್ಕೆ ಏಳೆಂಟರಷ್ಟು ಬದಲಾಗುತ್ತದೆ. ಕೋಣೆಯ ಉಷ್ಣತೆ ಏರಿದರೂ ಅಳತೆ ಸರಿಯುತ್ತದೆ. ಮುಂಬಯಿಯ ಸೆಕೆಯಲ್ಲಿ, ವಾರಗಟ್ಟಲೆ ಹಗಲೂ ರಾತ್ರಿ ನಡೆಯುವ ಎಣಿಕೆಯಲ್ಲಿ, ನಡುನಡುವೆ ಗಾಮಾ ಆಕರವನ್ನಿಟ್ಟು ಅಂಚು ಮೊದಲಿದ್ದ ಜಾಗದಲ್ಲೇ ಇದೆಯೇ ಎಂದು ನೋಡುತ್ತಿರಬೇಕಾಗುತ್ತದೆ. ನ್ಯೂಟ್ರಾನ್‌ನ ಶಕ್ತಿಯನ್ನು ಅದು ಹಾರಿಬರುವ ಕಾಲದಿಂದ ಅಳೆದರೆ ಬೆಳಕಿನ ಪ್ರಮಾಣದ ತೊಡಕು ಸ್ವಲ್ಪ ತಪ್ಪುತ್ತದೆ. 20 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ಒಂದು ಮೀಟರ್ ದಾಟಲು ತೆಗೆದುಕೊಳ್ಳುವುದು ಸುಮಾರು 51 ನ್ಯಾನೋಸೆಕೆಂಡ್. 10 ಲಕ್ಷದ್ದಾದರೆ ಸುಮಾರು 72. ಆದರೂ ನಿಧಾನಗತಿಯ ನ್ಯೂಟ್ರಾನ್‌ಗಳ ಮಿನುಗು ತೀರ ಕ್ಷೀಣವಾಗಿ ಎಣಿಕೆಯಿಂದ ತಪ್ಪಿಸಿಕೊಳ್ಳುತ್ತದೆ. ಯಾವ ಶಕ್ತಿಯಲ್ಲಿ ನೂರಕ್ಕೆ ಎಷ್ಟು ತಪ್ಪಿಸಿಕೊಂಡವು ಎಂದು ತಿಳಿಯದಿದ್ದರೆ, ಹೋಳು ಹರಿಯುವಾಗ ಹೊರಟ ನ್ಯೂಟ್ರಾನ್‌ಗಳ ಪ್ರಮಾಣ ಹತ್ತರಲ್ಲೊಂದೋ ಇಪ್ಪತ್ತರಲ್ಲೊಂದೋ ಎಂದು ಹೇಳಲು ಬಾರದು. ಆ ಕಾಲದಲ್ಲಿ ಟ್ರಾಂಬೆಯ ಫಲಿತಾಂಶಗಳು ಹೊರದೇಶಗಳ ಪ್ರಯೋಗಾಲಯಗಳ ಫಲಿತಾಂಶಗಳೊಡನೆ ಸರಿಸಮನಾಗಿ ಚರ್ಚೆಗೆ ಬಂದದ್ದು ಈ ಬಗೆಯ ಜಾಗರೂಕತೆಯಿಂದಲೇ.

ಮಾಪನಗಳ ಜೊತೆಯಲ್ಲಿ ರಾಮಣ್ಣ ಸಿದ್ಧಾಂತದಲ್ಲೂ ಕೆಲಸ ಮಾಡಿದರು. ಬೀಜ ಎರಡಾಗುವ ಮೊದಲು ಎರಡು ಭಾಗಗಳ ನಡುವೆ ಪ್ರೋಟಾನ್, ನ್ಯೂಟ್ರಾನ್‌ಗಳು ಯಾದೃಚ್ಛಿಕವಾಗಿ ವಿನಿಮಯವಾಗುವುದರಿಂದ ಹೋಳುಗಳ ತೂಕ ಅಸಮವಾಗುತ್ತದೆ ಎಂಬ ವಿವರಣೆಯನ್ನು 1960ರ ದಶಕದ ಮಧ್ಯಭಾಗದಲ್ಲಿ ಸಹೋದ್ಯೋಗಿಗಳೊಂದಿಗೆ ಮಂಡಿಸಿದರು. 1963ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು.

ತರಬೇತಿ ಶಾಲೆ

1957ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ತರಬೇತಿ ಶಾಲೆಯನ್ನು ರೂಪಿಸಿದವರು ರಾಮಣ್ಣ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವೀಧರರನ್ನು ದೇಶದ ಎಲ್ಲ ಭಾಗಗಳಿಂದ ಆರಿಸಿ, ಒಂದು ವರ್ಷ ಪರಮಾಣು ವಿಜ್ಞಾನದಲ್ಲಿ ಪಾಠ ಮತ್ತು ಪ್ರಯೋಗ ಕಲಿಸಿ, ಬಳಿಕ ಕೆಲಸಕ್ಕೆ ಸೇರಿಸಿಕೊಳ್ಳುವುದು ಇದರ ಕ್ರಮ. ಅದುವರೆಗೆ ವಿದೇಶಕ್ಕೆ ಹೋಗದೆ ಈ ವಿದ್ಯೆ ದೊರೆಯುವಂತಿರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಪುಸ್ತಕದಿಂದ ಓದಿದ್ದ ಯುವಕರು ಇಲ್ಲಿ ಶೋಧಕವನ್ನು ಕೈಯಿಂದ ಜೋಡಿಸಿ, ಕ್ಯಾಲಿಬ್ರೇಟ್ ಮಾಡಿ, ಅಳತೆಯ ದೋಷವನ್ನು ಲೆಕ್ಕಹಾಕುವುದನ್ನು ಕಲಿತರು. ಮುಂದೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದ ಅನಿಲ್ ಕಾಕೋಡ್ಕರ್ ಸೇರಿದಂತೆ ಭಾರತದ ಪರಮಾಣು ಕಾರ್ಯಕ್ರಮದ ಬಹುಪಾಲು ಹಿರಿಯರು ಈ ಶಾಲೆಯಿಂದ ಬಂದವರು. ರಾಮಣ್ಣನವರ ಕೆಲಸಗಳಲ್ಲಿ ಅತಿ ಹೆಚ್ಚು ಕಾಲ ಬಾಳಿದ್ದು ಪ್ರಾಯಶಃ ಇದೇ.

ಪೋಖ್ರಾನ್

1966ರ ಜನವರಿ 24ರಂದು ಭಾಭಾ ವಿಮಾನ ಅಪಘಾತದಲ್ಲಿ ಮರಣ ಹೊಂದಿದರು. 1972ರಲ್ಲಿ ರಾಮಣ್ಣ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಅದೇ ವರ್ಷ ಪ್ಲುಟೋನಿಯಂ ಇಂಧನದ ಪೂರ್ಣಿಮಾ ಎಂಬ ಪುಟ್ಟ ಪ್ರಾಯೋಗಿಕ ಸ್ಥಾವರ ಕಾರ್ಯಾರಂಭ ಮಾಡಿತು. ವೇಗದ ನ್ಯೂಟ್ರಾನ್‌ಗಳ ನಡವಳಿಕೆಯ ಬಗ್ಗೆ ಅದರಿಂದ ದೊರೆತ ಮಾಹಿತಿ ಸ್ಫೋಟಕದ ವಿನ್ಯಾಸಕ್ಕೆ ನೆರವಾಯಿತು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನೆಲದಿಂದ 107 ಮೀಟರ್ ಆಳದಲ್ಲಿ ಸ್ಫೋಟ ನಡೆಯಿತು.

ಸರ್ಕಾರ ಅದನ್ನು ಶಾಂತಿಯುತ ಉದ್ದೇಶದ ಪ್ರಯೋಗವೆಂದು ಘೋಷಿಸಿತು. ಗಣಿಗಾರಿಕೆ, ಕಾಲುವೆ ನಿರ್ಮಾಣಗಳಲ್ಲಿ ಬಳಸಬಹುದೆಂದು ಹೇಳಲಾಯಿತು. 1997ರಲ್ಲಿ ರಾಮಣ್ಣ ಸುದ್ದಿಸಂಸ್ಥೆಯೊಂದರ ಮುಂದೆ ಅದು ಬಾಂಬೇ ಆಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಸ್ಫೋಟದ ಬಲ 12 ಕಿಲೋಟನ್ ಎಂಬುದು ಅಧಿಕೃತ ಲೆಕ್ಕ. ಭೂಕಂಪನದ ಅಲೆಗಳನ್ನು ಆಧರಿಸಿ ವಿದೇಶಿ ತಜ್ಞರು ಮಾಡಿದ ಅಂದಾಜುಗಳು ಇದಕ್ಕಿಂತ ಕಡಿಮೆ. ಸ್ಥಳದ ಕಲ್ಲಿನ ಗುಣಕ್ಕೆ ತಕ್ಕಂತೆ ಭೂಕಂಪ ಮಾಪಕದ ಅಂಕಿಯನ್ನು ತಿದ್ದಿಕೊಳ್ಳಬೇಕಾದ್ದರಿಂದ ಈ ವಿವಾದದ ಬುಡದಲ್ಲಿರುವುದೂ ಕ್ಯಾಲಿಬ್ರೇಷನ್ನಿನ ಪ್ರಶ್ನೆಯೇ.

ಕೆನಡಾ ನೆರವಿನಿಂದ ಕಟ್ಟಿದ್ದ ಸೈರಸ್ ಸ್ಥಾವರದ ಪ್ಲುಟೋನಿಯಂ ಈ ಸ್ಫೋಟಕ್ಕೆ ಬಳಕೆಯಾದ ಕಾರಣ ಆ ದೇಶ ಸಹಕಾರವನ್ನು ನಿಲ್ಲಿಸಿತು. ಪರಮಾಣು ಸಾಮಗ್ರಿ ಪೂರೈಸುವ ದೇಶಗಳು ಕೂಡಿ ನಿರ್ಬಂಧಗಳನ್ನು ವಿಧಿಸಿದವು. ಭಾರತದ ವಿಜ್ಞಾನಿಗಳು ಉಪಕರಣದಿಂದ ಇಂಧನದವರೆಗೆ ಹಲವನ್ನು ತಾವೇ ತಯಾರಿಸಿಕೊಳ್ಳಬೇಕಾಯಿತು. ರಾಮಣ್ಣನವರನ್ನು ಮೆಚ್ಚುವವರು ಇದನ್ನು ಸ್ವಾವಲಂಬನೆಯ ಆರಂಭವೆಂದು ಕಾಣುತ್ತಾರೆ. ವಿದ್ಯುತ್ ಕಾರ್ಯಕ್ರಮ ಇದರಿಂದ ವರ್ಷಗಟ್ಟಲೆ ಹಿಂದೆ ಬಿತ್ತೆಂಬುದು ಟೀಕಾಕಾರರ ವಾದ. ಎರಡಕ್ಕೂ ಆಧಾರಗಳಿವೆ.

ಕೋಲ್ಕತ್ತ, ಇಂದೋರ್

ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್‌ನಲ್ಲಿ 1977ರಲ್ಲಿ ಮೊದಲ ಕಣಪುಂಜ ಸುತ್ತಿತು. 224 ಸೆಂಟಿಮೀಟರ್ ವ್ಯಾಸದ ಆ ಯಂತ್ರವನ್ನು ಬಹುಮಟ್ಟಿಗೆ ದೇಶದಲ್ಲೇ ನಿರ್ಮಿಸಲಾಗಿತ್ತು. 1978ರಿಂದ 1981ರವರೆಗೆ ರಾಮಣ್ಣ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದು, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯನ್ನು ಮುನ್ನಡೆಸಿದರು. 1981ರಲ್ಲಿ ಮತ್ತೆ ಟ್ರಾಂಬೆಯ ನಿರ್ದೇಶಕರಾಗಿ, 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಈ ಅವಧಿಯಲ್ಲಿ, 1984ರಲ್ಲಿ, ವೇಗವರ್ಧಕ ಮತ್ತು ಲೇಸರ್‌ಗಳಿಗೆ ಮೀಸಲಾದ ಕೇಂದ್ರಕ್ಕೆ ಇಂದೋರಿನಲ್ಲಿ ಅಡಿಗಲ್ಲು ಬಿದ್ದಿತು. 1985ರಲ್ಲಿ ಟ್ರಾಂಬೆಯ 100 ಮೆಗಾವಾಟ್ ಧ್ರುವ ಸ್ಥಾವರ ಕಾರ್ಯಾರಂಭ ಮಾಡಿತು. 1986ರಲ್ಲಿ ಅವರು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಹಾಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು.

ಕೈಗಾ

ರಾಮಣ್ಣನವರ ಹೆಸರು ಕರ್ನಾಟಕದಲ್ಲಿ ತೀವ್ರ ಚರ್ಚೆಗೆ ಒಳಗಾದದ್ದು ಕೈಗಾ ಯೋಜನೆಯ ಸಂದರ್ಭದಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರದಿಂದ ದಕ್ಷಿಣಕ್ಕೆ ದಾಂಡೇಲಿ, ಜೋಯಿಡಾ ದಾಟಿ ಕಾರವಾರದವರೆಗೆ ಹಬ್ಬಿರುವ ಘಟ್ಟದ ಕಾಡುಗಳ ನಡುವೆ, ಕಾಳಿ ನದಿಯ ದಂಡೆಯಲ್ಲಿ ಪರಮಾಣು ವಿದ್ಯುತ್ ಸ್ಥಾವರ ಕಟ್ಟುವ ತೀರ್ಮಾನ 1980ರ ದಶಕದಲ್ಲಿ ಹೊರಬಿದ್ದಿತು. ಆಯೋಗದ ಅಧ್ಯಕ್ಷರು ಕನ್ನಡಿಗರೇ ಆಗಿದ್ದರು. ಯೋಜನೆಯನ್ನು ಬಲವಾಗಿ ವಿರೋಧಿಸಿದವರಲ್ಲಿ ಮುಂದಿದ್ದವರು ಕನ್ನಡದ ಹಿರಿಯ ಸಾಹಿತಿ ಶಿವರಾಮ ಕಾರಂತರು. ಕಾಡಿನ ನಾಶ, ಅಣೆಕಟ್ಟಿನ ಸಾಮೀಪ್ಯ, ವಿಕಿರಣದ ಅಪಾಯ ಇವು ವಿರೋಧಿಗಳ ಮುಖ್ಯ ಆಕ್ಷೇಪಗಳು. ಈ ಪ್ರಶ್ನೆಯನ್ನೇ ಮುಂದಿಟ್ಟು ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ ಸ್ಪರ್ಧಿಸಿ ಸೋತರು. ರಾಮಣ್ಣ ಅಧಿಕಾರದಿಂದ ನಿವೃತ್ತರಾಗಿ ಏಳು ವರ್ಷಗಳಾದ ಮೇಲೆ, 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದು ಆಕ್ಷೇಪಗಳಿಗೆ ಮತ್ತಷ್ಟು ಬಲ ಬಂದಿತು. ಗುಮ್ಮಟವನ್ನು ಮರುವಿನ್ಯಾಸಗೊಳಿಸಿ ಕಟ್ಟಲಾಯಿತು. ತಲಾ 220 ಮೆಗಾವಾಟಿನ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ಆರಂಭಿಸಿದವು.

ಸ್ಥಾವರದ ಸುತ್ತಲಿನ ಮಣ್ಣು, ನೀರು, ಬೆಳೆ, ಮೀನುಗಳಲ್ಲಿ ಮೊದಲೇ ಇದ್ದ ಸಹಜ ವಿಕಿರಣವನ್ನು ಸ್ಥಾವರ ನಡೆಯುವುದಕ್ಕೆ ಮುನ್ನವೇ ಅಳೆದಿಡುವುದು ಇಂಥ ಯೋಜನೆಗಳಲ್ಲಿ ಕಡ್ಡಾಯ. ಕೈಗಾದಲ್ಲೂ ಹಾಗೆ ಮಾಡಲಾಯಿತು. ಮುಂದಿನ ಯಾವ ಏರಿಕೆಯನ್ನೂ ಹೋಲಿಸಬೇಕಾದದ್ದು ಆ ಮೂಲ ಅಂಕಿಗಳೊಂದಿಗೆ. ಶೋಧಕವನ್ನು ತಪ್ಪಾಗಿ ಸರಿಹೊಂದಿಸಿದ್ದರೆ, ಇಲ್ಲದ ಅಪಾಯ ಕಾಣಬಹುದು ಅಥವಾ ಇರುವ ಅಪಾಯ ಕಾಣದೆ ಹೋಗಬಹುದು.

ಬೆಂಗಳೂರಿನಲ್ಲಿ

ಜೆ. ಆರ್. ಡಿ. ಟಾಟಾ ಅವರ ಆಸಕ್ತಿಯಿಂದ 1988ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ರಾಮಣ್ಣ ಮೊದಲ ನಿರ್ದೇಶಕರಾದರು. ಆಡಳಿತಗಾರರು, ವಿಜ್ಞಾನಿಗಳು, ಕಲಾವಿದರು, ತತ್ತ್ವಶಾಸ್ತ್ರಜ್ಞರು ಒಂದೆಡೆ ಕೂಡುವ ವೇದಿಕೆಯಾಗಿ ಅದನ್ನು ಬೆಳೆಸಿದರು. 1990ರಲ್ಲಿ ವಿ. ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿದ್ದರು. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು.

ಪಿಯಾನೋ ನುಡಿಸುವುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಸಾರ್ವಜನಿಕ ಕಚೇರಿಗಳನ್ನೂ ನೀಡಿದ್ದರು. ಭಾರತೀಯ ರಾಗಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯನ್ನು ಹೋಲಿಸಿ 1993ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಇಂಗ್ಲಿಷ್ ಆತ್ಮಕಥೆ 1991ರಲ್ಲಿ ಹೊರಬಂದಿತು. ಪತ್ನಿ ಮಾಲತಿ; ದಂಪತಿಗಳಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಭಾರತ ಸರ್ಕಾರ ಅವರಿಗೆ 1968ರಲ್ಲಿ ಪದ್ಮಶ್ರೀ, 1973ರಲ್ಲಿ ಪದ್ಮಭೂಷಣ, 1975ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿತು.

ರಾಮಣ್ಣ 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ನಿಧನರಾದರು. ಮರುವರ್ಷದ ಡಿಸೆಂಬರ್‌ನಲ್ಲಿ ಇಂದೋರಿನ ಕೇಂದ್ರಕ್ಕೆ ರಾಜಾ ರಾಮಣ್ಣ ಪ್ರಗತ ಪ್ರೌದ್ಯೋಗಿಕ ಕೇಂದ್ರ ಎಂದು ಹೆಸರಿಡಲಾಯಿತು. ಅಲ್ಲಿ ಇಂಡಸ್-1 ಮತ್ತು ಇಂಡಸ್-2 ಎಂಬ ಎಲೆಕ್ಟ್ರಾನ್ ಉಂಗುರಗಳು ಸ್ಥಾಪನೆಯಾಗಿವೆ. ಟ್ರಾಂಬೆಯ ಹಳೆಯ ವ್ಯಾನ್ ಡಿ ಗ್ರಾಫ್ ಯಂತ್ರವನ್ನು ಅದಕ್ಕೂ ಮೊದಲೇ, 2000ದ ಹೊತ್ತಿಗೆ, ಮಡಿಚಿದ ಟ್ಯಾಂಡೆಮ್ ಮಾದರಿಯ ವೇಗವರ್ಧಕವಾಗಿ ಪುನರ್ನಿರ್ಮಿಸಲಾಗಿತ್ತು.